ಮೂರು ಜೀವಗಳ ಆಟ

1990ರ ದಶಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗೆ ಗಲ್ಫ್‌ನಿಂದ ರಜೆಯಲ್ಲಿ ಬರುತ್ತಿದ್ದವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚುಗಳ ಜೊತೆ ಕೆಲವೊಮ್ಮೆ ಒಂದು ಟಿವಿ ಗೇಮ್ ಕೂಡ ಇರುತ್ತಿತ್ತು. ಜಪಾನಿನ ನಿಂಟೆಂಡೋ ಕಂಪೆನಿ 1983ರಲ್ಲಿ ಹೊರತಂದ ಯಂತ್ರದ ಅಗ್ಗದ ನಕಲು ಅದು. ನಮ್ಮ ಮನೆಗೆ ಅದನ್ನು ತಂದವರು ಸೋದರಮಾವ. ಅಂದಿನಿಂದ ನೆರೆಕರೆಯ ಮಕ್ಕಳಿಗೆಲ್ಲ ನಮ್ಮ ಚಾವಡಿಯೇ ಮೈದಾನ.

ಆಡುತ್ತಿದ್ದುದು 1985ರ 'ಸೂಪರ್ ಮಾರಿಯೋ ಬ್ರದರ್ಸ್'. ಓಡಬೇಕು, ಹಾರಬೇಕು, ಹೊಂಡ ದಾಟಬೇಕು. ಎಂಟು ಲೋಕ, 32 ಹಂತ, ಕೈಯಲ್ಲಿ ಮೂರೇ ಜೀವ. ಮೂರೂ ಹೋದರೆ ಮತ್ತೆ ಮೊದಲಿನಿಂದ. ಏಳನೇ ಲೋಕ ತಲುಪಿದಾಗ ಕರೆಂಟು ಹೋದರೂ ಅಷ್ಟೇ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗದ ಸಂಜೆ ಯಾವುದಿತ್ತು?

ಇಷ್ಟು ಕಠಿಣ ಯಾಕೆ? ಈ ಬಗೆಯ ಆಟಗಳು ಬೆಳೆದದ್ದು ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ. 1981ರ 'ಡಾಂಕಿ ಕಾಂಗ್' ಅಂಥದ್ದು. ಆಡುವವನು ಬೇಗ ಸೋತರೆ ತಾನೇ ಇನ್ನೊಂದು ನಾಣ್ಯ ಬೀಳುವುದು! ಆಟ ಮನೆಗೆ ಬಂದ ಮೇಲೂ ಆ ಅಭ್ಯಾಸ ಉಳಿಯಿತು. ಜಾಗದ ಅಭಾವವೂ ಇತ್ತು. ಇಡೀ ಮಾರಿಯೋ ಇದ್ದದ್ದು ಸುಮಾರು 40 ಕಿಲೋಬೈಟ್‌ನಲ್ಲಿ; ಇಂದು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋಕ್ಕೂ ಅದು ಸಾಲದು. ಅಷ್ಟರಲ್ಲೇ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಮಕ್ಕಳು ಬೀಳುತ್ತಲೇ ಇರಬೇಕು. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಭಾಗ ಎಷ್ಟು ಕಠಿಣವಾಗಿತ್ತೆಂದರೆ, ಕಂಪೆನಿ ಅದನ್ನು ಆಗ ಅಮೆರಿಕಕ್ಕೆ ಕಳುಹಿಸಲೇ ಇಲ್ಲ. ಬೇರೊಂದು ಆಟದ ವೇಷ ಬದಲಿಸಿ 1988ರಲ್ಲಿ ಅದೇ ಹೆಸರಿನಲ್ಲಿ ಅಲ್ಲಿ ಮಾರಿತು.

1990ರ 'ಸೂಪರ್ ಮಾರಿಯೋ ವರ್ಲ್ಡ್' ತಲುಪಿದ ಜಾಗವನ್ನು ನೆನಪಿಟ್ಟುಕೊಂಡಿತು. 2009ರಲ್ಲಿ ಬಂದ ಇನ್ನೊಂದು ಮಾರಿಯೋದಲ್ಲಿ ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಯಂತ್ರವೇ ಆಡಿ ತೋರಿಸಲು ಮುಂದಾಯಿತು. 2018ರ 'ಸೆಲೆಸ್ಟ್'ನಲ್ಲಿ ಸತ್ತ ಮರುಕ್ಷಣವೇ ಅದೇ ಪರದೆಯಲ್ಲಿ ಮರುಹುಟ್ಟು. ಬೇಕಾದವರು ಆಟದ ವೇಗವನ್ನೂ ತಗ್ಗಿಸಿಕೊಳ್ಳಬಹುದು. ಹಾಗೆಂದು ಜಿಗಿತ ಸುಲಭವಾಗಿಲ್ಲ, 'ಸೆಲೆಸ್ಟ್'ನ ಜಿಗಿತಗಳು ಹಳೆಯ ಮಾರಿಯೋಗಿಂತ ಎಷ್ಟೋ ಕಷ್ಟ. ಅಗ್ಗವಾದದ್ದು ಬೀಳುವುದರ ಬೆಲೆ.

ನಮ್ಮ ಚಾವಡಿಯಲ್ಲಿ ಆ ಬೆಲೆಯಿಂದ ಒಂದು ಉಪಕಾರವೂ ಇತ್ತು. ಆಟ ಮುಗಿದವನು ರಿಮೋಟನ್ನು ಪಕ್ಕದವರಿಗೆ ಕೊಡಬೇಕು. ಯಂತ್ರ ಒಂದು, ಮಕ್ಕಳು ಹತ್ತು. ಪಕ್ಕದ ಮನೆಯ ಹುಡುಗಿಯೊಬ್ಬಳಿಗೆ ಸರದಿ ಬರುತ್ತಿದ್ದುದು ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತು ಬರೇ ನೋಡುತ್ತಾ ಕುಳಿತವಳಿಗೆ ಪ್ರತಿಯೊಂದು ಹೊಂಡವೂ ಬಾಯಿಪಾಠವಾಗಿತ್ತು. ನಮ್ಮಲ್ಲಿ ಎಂಟನೇ ಲೋಕ ಮೊದಲು ಕಂಡವಳು ಅವಳೇ. ಈಗ ನನ್ನ ಅಣ್ಣನ ಮಗ ಕೋಣೆಯಲ್ಲಿ ಒಬ್ಬನೇ ಕುಳಿತು, ಒಂದೇ ಸಂಜೆಯಲ್ಲಿ ನೂರಾರು ಸಲ ಸಾಯುತ್ತಾನೆ. ರಿಮೋಟು ಯಾರಿಗೂ ಕೊಡಬೇಕಾಗಿಲ್ಲ.

ಆ ಹಳೆಯ ಮಾರಿಯೋದಲ್ಲಿ ಒಂದು ಗುಟ್ಟು ಇತ್ತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಟ ಮುಗಿದ ಬಳಿಕ 'ಎ' ಗುಂಡಿ ಒತ್ತಿ ಹಿಡಿದು 'ಸ್ಟಾರ್ಟ್' ಒತ್ತಿದರೆ, ಸೋತ ಲೋಕದ ಆರಂಭದಿಂದಲೇ ಮತ್ತೆ ಆಡಬಹುದಿತ್ತು. ನಮಗೆ ಅದನ್ನು ಹೇಳಿಕೊಡುವವರಿರಲಿಲ್ಲ. ಗೊತ್ತಿದ್ದರೆ ಒಬ್ಬ ಸೋತ ಲೋಕದಿಂದ ಪಕ್ಕದವನು ಮುಂದುವರಿಸುತ್ತಿದ್ದ.