ಹೆಸರು ಹೊತ್ತ ಕೌದಿಗಳು

ಕೆಂಟಕಿ ರಾಜ್ಯದ ಪಡೂಕಾ ದೊಡ್ಡ ಊರೇನಲ್ಲ. ಆದರೂ 1985ರಿಂದ ಅಲ್ಲಿ ನಡೆಯುತ್ತಿರುವ ಕ್ವಿಲ್ಟ್ (ಅಲ್ಲಿಯ ಕೌದಿ) ಮೇಳಕ್ಕೆ ಊರು ಹಿಡಿಸದಷ್ಟು ಜನ ಸೇರುತ್ತಾರೆ. ಬಹುಪಾಲು ಹೆಂಗಸರು. ಇಬ್ಬರು ಮೂವರು ಒಂದೇ ಕಾರಿನಲ್ಲಿ ನೂರಾರು ಮೈಲಿ ದಾಟಿ ಬಂದು, ದಾರಿಯಲ್ಲಿ ಹಳೆಯ ಗೆಳತಿಯರ ಮನೆಗೂ ಹೋಗಿ, ಮತ್ತೆ ಊರು ಸೇರುವವರು. ಇಂಥ ಮೇಳಗಳಲ್ಲದೆ, ವಾರಾಂತ್ಯದಲ್ಲಿ ಹೊಲಿಗೆಯ ಗೆಳತಿಯರು ಎಲ್ಲೋ ಒಂದೆಡೆ ಕಲೆಯುವ ರೂಢಿಯೂ ಅಮೆರಿಕದ ಉದ್ದಗಲಕ್ಕೆ ಇದೆ. ಇದು ಕಾರು, ಹೆದ್ದಾರಿ, ಬಿಡುವು ಮೂರೂ ಕೂಡಿಬಂದ ಮೇಲೆ ಹುಟ್ಟಿದ ಹವ್ಯಾಸ ಎಂದು ತಳ್ಳಿಹಾಕುವವರಿದ್ದಾರೆ. ಅವರ ಪ್ರಕಾರ ಕ್ವಿಲ್ಟ್ ಎಂದರೆ ಮೂಲತಃ ಬಡವರ ಮನೆಯ ಹೊದಿಕೆ: ಚಳಿಗೆ ಹೆದರಿ, ಚಿಂದಿ ಕೂಡಿಸಿ ಹೊಲಿದದ್ದು. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಅಮೆರಿಕದ ಕ್ವಿಲ್ಟ್ ಬಹುಮಟ್ಟಿಗೆ ಬೆಳೆದದ್ದೇ ಅಗಲುವವರ ಮತ್ತು ಕೂಡುವವರ ನಡುವೆ. ಪ್ರಯಾಣ ಅದಕ್ಕೆ ಆಮೇಲೆ ಅಂಟಿಕೊಂಡದ್ದಲ್ಲ.

ಬಡತನದ ಕಥೆಯನ್ನೇ ಮೊದಲು ನೋಡೋಣ. ವಸಾಹತು ಕಾಲದಲ್ಲಿ ಬಟ್ಟೆ ದುಬಾರಿ ವಸ್ತು. ಸತ್ತವರ ಆಸ್ತಿಪಟ್ಟಿಗಳಲ್ಲಿ ನೇಯ್ದ ಕಂಬಳಿಗಳು ಸಿಗುವಷ್ಟು ಕ್ವಿಲ್ಟ್‌ಗಳು ಸಿಗುವುದಿಲ್ಲ; ಸಿಕ್ಕವು ಅನುಕೂಲಸ್ಥರ ಮನೆಯವು. ತುಂಡು ಜೋಡಿಸುವ ಹೊಲಿಗೆ ಮನೆಮನೆಗೂ ಹಬ್ಬಿದ್ದು ಮ್ಯಾಸಚೂಸೆಟ್ಸ್‌ನ ಲೋವೆಲ್‌ನಂಥ ಊರುಗಳ ಗಿರಣಿಗಳು 1820ರ ದಶಕದಿಂದ ಅಚ್ಚಿನ ಹತ್ತಿಬಟ್ಟೆಯನ್ನು ಅಗ್ಗವಾಗಿ ಕೊಡತೊಡಗಿದ ಮೇಲೆ. ಅಂದರೆ ಬಟ್ಟೆಯ ಕೊರತೆಯಿಂದ ಅಲ್ಲ, ಬಟ್ಟೆ ಕೈಗೆಟುಕಿದ್ದರಿಂದ. ಆ ಗಿರಣಿಗಳ ಹತ್ತಿಯನ್ನು ದಕ್ಷಿಣದ ತೋಟಗಳಲ್ಲಿ ಬೆಳೆದು ಬಿಡಿಸಿದವರು ಗುಲಾಮರು. ಈ ಮಾತನ್ನು ಬಿಟ್ಟು ಕ್ವಿಲ್ಟ್‌ನ ಚರಿತ್ರೆ ಬರೆಯಲಾಗದು.

1840ರ ಸುಮಾರಿಗೆ ಪೆನ್ಸಿಲ್ವೇನಿಯಾ, ನ್ಯೂ ಜೆರ್ಸಿ, ಮೇರಿಲ್ಯಾಂಡ್ ಕಡೆ ಒಂದು ಹೊಸ ಬಗೆ ಕಾಣಿಸಿಕೊಂಡಿತು. ಹತ್ತು ಹನ್ನೆರಡು ಅಂಗುಲದ ಚೌಕ. ಸುತ್ತ ಅಚ್ಚಿನ ಬಟ್ಟೆಯ ತುಂಡುಗಳು. ನಟ್ಟನಡುವೆ ಬಿಳಿ ಪಟ್ಟಿ. ಅದರ ಮೇಲೆ ಮಸಿಯಲ್ಲಿ ಬರೆದ ಒಂದು ಹೆಸರು. ಎಷ್ಟೋ ಕಡೆ ಹೆಸರಿನ ಕೆಳಗೆ ಊರು, ಇಸವಿ, ಒಂದು ಸಣ್ಣ ಬಳ್ಳಿಯ ಚಿತ್ರ. ಬಟ್ಟೆಯನ್ನು ತಿಂದುಹಾಕದ, ಒಗೆದರೂ ಅಳಿಯದ ಮಸಿ ಆ ಹೊತ್ತಿಗೆ ಅಂಗಡಿಗೆ ಬಂದಿತ್ತು. ಇಂಥ ಮೂವತ್ತು ನಲವತ್ತು ಚೌಕಗಳನ್ನು ಕೂಡಿಸಿದ ಆಲ್ಬಮ್ ಕ್ವಿಲ್ಟ್ ಅನ್ನು ಊರು ಬಿಡುವವರ ಕೈಗೆ ಕೊಡುತ್ತಿದ್ದರು. ಆರೆಗಾನ್ ದಾರಿ ಸುಮಾರು 2,000 ಮೈಲಿ, ಎತ್ತಿನ ಗಾಡಿಯಲ್ಲಿ ನಾಲ್ಕರಿಂದ ಆರು ತಿಂಗಳು. 1869ರಲ್ಲಿ ಖಂಡದಾಚೆಗೆ ರೈಲು ಬರುವವರೆಗೆ ಆ ದಾರಿ ಹಿಡಿದ ಮಗಳು ತಾಯಿಯ ಮುಖ ಮತ್ತೆ ಕಾಣುವ ಭರವಸೆ ಕಡಿಮೆ. ಹಾಗೆಂದು ಎಲ್ಲ ಹೆಸರಿನ ಕ್ವಿಲ್ಟ್‌ಗಳೂ ಪಶ್ಚಿಮಕ್ಕೆ ಹೋದವೆಂದಲ್ಲ. ಎಷ್ಟೋ ಮದುವಣಗಿತ್ತಿಯರ ಪಾಲಾದವು. ಇನ್ನೆಷ್ಟೋ ಪಾದ್ರಿಗಳಿಗೆ ಸಂದವು: ಮೆಥೊಡಿಸ್ಟ್ ಪಾದ್ರಿ ಆಗ ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವಂತಿರಲಿಲ್ಲ. ಬಾಲ್ಟಿಮೋರ್‌ನ ಪ್ರಸಿದ್ಧ ಆಲ್ಬಮ್ ಕ್ವಿಲ್ಟ್‌ಗಳ ಹಿಂದೆ ಆ ಪಂಥದ ಹೆಂಗಸರ ಕೈ ಬಹಳ ಇದೆ. ಮದುಮಗಳು, ಪಾದ್ರಿ, ವಲಸೆಗಾರ್ತಿ ಮೂವರೂ ಹೊಸ್ತಿಲು ದಾಟುವವರೇ.

ಈ ಹೆಸರುಗಳ ತೂಕ ತಿಳಿಯಬೇಕಾದರೆ ಸರ್ಕಾರದ ಕಡತದ ಪಕ್ಕ ಇಟ್ಟು ನೋಡಬೇಕು. 1790ರಿಂದ 1840ರವರೆಗಿನ ಅಮೆರಿಕದ ಜನಗಣತಿಗಳು ಮನೆಯ ಯಜಮಾನರ ಹೆಸರನ್ನಷ್ಟೇ ಬರೆದವು. ಉಳಿದವರು ವಯಸ್ಸಿನ ಕಲಮಿನಲ್ಲಿ ಬರೀ ಸಂಖ್ಯೆ. ಸ್ವತಂತ್ರರಾದ ಹೆಂಗಸರು, ಮಕ್ಕಳೆಲ್ಲ ಹೆಸರು ಪಡೆದದ್ದು 1850ರಲ್ಲಿ. ಗುಲಾಮರಿಗೆ ಆಗಲೂ, 1860ರಲ್ಲೂ ಹೆಸರಿಲ್ಲ. ಹೀಗಿರುವಾಗ 1843ರದೋ 1845ರದೋ ಒಂದು ಕ್ವಿಲ್ಟ್ ಬಿಚ್ಚಿದರೆ ಗಂಡಂದಿರ ಹೆಸರಿನ ಹಿಂದೆ ಅಡಗಿಹೋಗಿದ್ದ ಗೃಹಿಣಿಯರೆಲ್ಲ ಊರು, ಇಸವಿ ಸಮೇತ ಎದುರು ಬರುತ್ತಾರೆ. ಸರ್ಕಾರಕ್ಕೆ ಬೇಡವಾದ ಪಟ್ಟಿಯನ್ನು ಗೆಳತಿಯರು ಇಟ್ಟರು. ಚರಿತ್ರೆಕಾರರು ಇದನ್ನು ಕೈಕೆಲಸವೆಂದು ಬದಿಗಿಡದೆ ದಾಖಲೆಯೆಂದು ಓದಬೇಕೆನ್ನಲು ಇನ್ನೇನು ಬೇಕು?

ಆದರೆ ಒಂದು ಆಕ್ಷೇಪ ಗಟ್ಟಿಯಾದದ್ದು. ಹಲವು ಕ್ವಿಲ್ಟ್‌ಗಳಲ್ಲಿ ಎಲ್ಲ ಹೆಸರುಗಳೂ ಒಂದೇ ಕೈಬರಹದಲ್ಲಿವೆ. ಅಕ್ಷರ ಚೆನ್ನಾಗಿದ್ದ ಒಬ್ಬಳೇ ಎಲ್ಲರ ಪರವಾಗಿ ಬರೆದಿದ್ದಾಳೆ. ದೂರದೂರಿನವರ ಹೆಸರೂ, ತೀರಿಕೊಂಡವರ ಹೆಸರೂ ಸೇರಿವೆ. ಹಾಗಾದರೆ ಎಲ್ಲರೂ ಕೂಡಿ ಹೊಲಿದರೆಂಬುದು ಸುಳ್ಳಲ್ಲವೇ? ಕೂಡಿ ಹೊಲಿದರೆಂಬ ಮುದ್ದು ಚಿತ್ರಕ್ಕೆ ಪೆಟ್ಟು ಬೀಳುವುದು ನಿಜ. ಅಗಲಿಕೆಯ ವಾದ ಮಾತ್ರ ಇದರಿಂದ ಗಟ್ಟಿಯಾಗುತ್ತದೆ. ಬರಲಾಗದವರನ್ನೂ ಕರೆತರುವ ಉಪಾಯ ಅದು. ಹೊದೆಯಲೆಂದೇ ಹೊಲಿದಿದ್ದರೆ ಇವು ಸವೆದು ಹೋಗಬೇಕಿತ್ತು. ಉಳಿದುಬಂದ ಎಷ್ಟೋ ಆಲ್ಬಮ್ ಕ್ವಿಲ್ಟ್‌ಗಳು ಒಮ್ಮೆಯೂ ಒಗೆದಂತಿಲ್ಲ. ಪೆಟ್ಟಿಗೆಯಲ್ಲಿಟ್ಟು ಕಾದರು.

ಜೊತೆ ಬೇಕಾಗುತ್ತಿದ್ದುದು ಹೊಲಿಗೆಯ ಕೊನೆಯ ಹಂತಕ್ಕೆ. ಹಾಸಿಗೆಯಗಲದ ಮರದ ಚೌಕಟ್ಟಿಗೆ ಮೂರು ಪದರ ಬಿಗಿದು ನಾಲ್ಕೂ ಕಡೆ ಕೂತರೆ ಕೆಲಸ ಬೇಗ. ಅದಕ್ಕಾಗಿ ನೆರೆಯವರಿಗೆ ಕರೆ, ಊಟ, ಮಾತು. ಚೌಕಟ್ಟಿಲ್ಲದ ಪದ್ಧತಿ ನಮ್ಮದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆ ಸೀರೆಯನ್ನು ನೆಲಕ್ಕೆ ಹಾಸಿ, ಅಂಚಿನಿಂದ ನಡುವಿಗೆ ತುಂಡು ಜೋಡಿಸುತ್ತ ಒಬ್ಬರೇ ಕೌದಿ ಮುಗಿಸಬಲ್ಲರು. ಸಲಕರಣೆ ಬದಲಾದರೆ ಒಡನಾಟದ ರೀತಿಯೂ ಬದಲಾಗುತ್ತದೆ.

ಹಾಗಾದರೆ ಅಲಬಾಮಾದ ಜೀಸ್ ಬೆಂಡ್? ಗುಲಾಮರ ವಂಶದ ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ನಿಜಕ್ಕೂ ಚಳಿಗಾಗಿಯೇ ಹೊಲಿದ ಊರು ಅದು. ನನ್ನ ವಾದ ಅವರಿಗೆ ಹೊಂದುವುದಿಲ್ಲ, ಹೊಂದಿಸಲೂ ಹೋಗಬಾರದು. ಅಲ್ಲಿಯ ತೊಂದರೆ ಅಗಲಿಕೆಯಲ್ಲ, ಹೊರಹೋಗಲಾಗದ್ದು: ಮತದಾನದ ಹಕ್ಕಿಗಾಗಿ ಕರಿಯರು ಎದ್ದುನಿಂತ ಕಾಲದಲ್ಲಿ, 1962ರಲ್ಲಿ, ನದಿಯಾಚೆಯ ಕ್ಯಾಮ್ಡೆನ್‌ಗೆ ಹೋಗುವ ದೋಣಿ ನಿಂತಿತು. ಅದು ಮತ್ತೆ ಓಡಿದ್ದು 2006ರಲ್ಲಿ. ಈ ನಡುವೆ, 1966ರಲ್ಲಿ ಆ ಸೀಮೆಯ ಹೆಂಗಸರು ಸಹಕಾರ ಸಂಘ ಕಟ್ಟಿ ಕ್ವಿಲ್ಟ್‌ಗಳನ್ನು ನ್ಯೂಯಾರ್ಕಿಗೆ ಮಾರಿದರು. 2002ರಲ್ಲಿ ಅಲ್ಲಿಯ ವಿಟ್ನಿ ಮ್ಯೂಸಿಯಂ ಜೀಸ್ ಬೆಂಡ್‌ನ ಕೆಲಸವನ್ನು ಗೋಡೆಗೆ ತೂಗುಹಾಕಿತು.

ಇಂದಿನ ವಾರಾಂತ್ಯದ ಪ್ರಯಾಣಗಳಲ್ಲಿ ಅಂಗಡಿ ಸುತ್ತಾಟವೇ ಹೆಚ್ಚೆಂಬ ದೂರು ಉಳಿಯಿತು. ಬಟ್ಟೆ ಕೊಳ್ಳುವುದು 1840ರಲ್ಲೂ ಇತ್ತು. ಗಿರಣಿ ಇಲ್ಲದೆ ಆಲ್ಬಮ್ ಕ್ವಿಲ್ಟ್ ಹುಟ್ಟುತ್ತಲೇ ಇರಲಿಲ್ಲ. ಇಂಥ ಕೂಟಗಳು ಬರೀ ಕಾಲಹರಣವಲ್ಲ ಎಂಬುದಕ್ಕೆ ಕೆಂಟಕಿಯಲ್ಲೇ ಸಾಕ್ಷಿಯಿದೆ. 1981ರಲ್ಲಿ ಅಲ್ಲಿ ಊರೂರಿಗೆ ಒಂದೊಂದು ದಿನ ಗೊತ್ತುಮಾಡಿ, ಮನೆಯ ಹಳೆಯ ಕ್ವಿಲ್ಟ್ ತನ್ನಿರೆಂದು ಜನರನ್ನು ಕರೆದರು. ತಂದದ್ದನ್ನು ಹರಡಿ, ಫೋಟೊ ತೆಗೆದು, ಹೊಲಿದವರು ಯಾರು, ಎಲ್ಲಿಯವರು ಎಂದು ಕೇಳಿ ಬರೆದುಕೊಂಡರು. ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಅಮೆರಿಕದ ಹೆಣ್ಣುಮಕ್ಕಳ ಹೊಲಿಗೆಯ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಹಾಗೆ ಕ್ವಿಲ್ಟ್ ಹೊತ್ತು ಬಂದವರು ಕೊಟ್ಟದ್ದು.