ಮಗುವಿನ ಪಾಲು ಐನೂರು

ಕೊಳ್ಳೇಗಾಲದವರಿಗೆ 1956ರ ನವೆಂಬರ್ 1ರವರೆಗೆ ಜಿಲ್ಲಾ ಕೇಂದ್ರ ಕೊಯಮತ್ತೂರು, ಹೈಕೋರ್ಟು ಮದ್ರಾಸು. ಪಕ್ಕದ ಯಳಂದೂರು 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು, ಮೈಸೂರು ಸೀಮೆ. ಹೆಣ್ಣು ಕೊಟ್ಟು ತರುವುದಕ್ಕೆ ಈ ಗಡಿ ಅಡ್ಡ ಬರಲಿಲ್ಲ. ಸಂಸಾರ ಒಡೆದರೆ ನ್ಯಾಯ ನಡೆಯುತ್ತಿದ್ದದ್ದೂ ಹೆಚ್ಚಾಗಿ ಕುಲದ ಯಜಮಾನರ ಮುಂದೆ. ಕೂಡಿಕೆ, ಅಂದರೆ ಹೆಂಗಸಿನ ಮರುಮದುವೆ, ಇದ್ದ ಅನೇಕ ಜಾತಿಗಳಲ್ಲಿ ಮಕ್ಕಳು ತಂದೆಯ ಮನೆಗೆ, ಮೊಲೆ ಬಿಡದ ಕೂಸು ಮಾತ್ರ ತಾಯಿಯ ಜೊತೆಗೆ. ತಿಂಗಳ ದುಡ್ಡಿನ ಮಾತೇ ಅಲ್ಲಿ ಏಳುತ್ತಿರಲಿಲ್ಲ.

ಆ ಮಾತು ಬಂದದ್ದು ಬ್ರಿಟಿಷರ ಕಾಯ್ದೆಯಿಂದ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 488ನೇ ಕಲಮು ಹೆಂಡತಿ ಮಕ್ಕಳಿಗೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಜೀವನಾಂಶ ಅಂದಿತು. 1923ರಲ್ಲಿ ಅದು 100 ಆಯಿತು, 1955ರಲ್ಲಿ 500. ಪಕ್ಕದ 489ನೇ ಕಲಮು, ಪರಿಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಿಸಬಹುದು ಅಂತ ಬಾಗಿಲು ತೆರೆದಿಟ್ಟಿತ್ತು. 1973ರ ಹೊಸ ಕೋಡಿನಲ್ಲಿ ಇವೇ 125, 127 ಆದವು. ಐನೂರು ಮಾತ್ರ ಐನೂರೇ.

ನಾನು ಕೊಳ್ಳೇಗಾಲದಲ್ಲಿ ವಕೀಲರ ಗುಮಾಸ್ತನಾಗಿ ಸೇರಿದಾಗಲೂ ಅದೇ ಲೆಕ್ಕ. ಹನೂರು ಕಡೆಯಿಂದ ಒಬ್ಬ ತಾಯಿ ಬಂದು, 'ಹೈದ ಹೈಸ್ಕೂಲಿಗೆ ಸೇರವ್ನೆ ಕಣ ಸಾ, ಐನೂರು ರೂಪಾಯ್ಲಿ ಏನಾದ್ದು?' ಅಂದಿದ್ದು ಈಗಲೂ ಕಿವಿಯಲ್ಲಿದೆ. ಏನೂ ಆಗದು ಅಂತ ನಮಗೂ ಗೊತ್ತಿತ್ತು. ಹೆಂಡತಿಗೂ ಮಕ್ಕಳಿಗೂ ಸೇರಿ ಐನೂರಲ್ಲ, ಒಬ್ಬೊಬ್ಬರಿಗೂ ಐನೂರರವರೆಗೆ ಅಂತ ಸುಪ್ರೀಂ ಕೋರ್ಟು 1978ರಲ್ಲಿ ಹೇಳಿದ್ದರಿಂದ ಸ್ವಲ್ಪ ಉಸಿರಾಡುವ ಹಾಗಾಗಿತ್ತು, ಅಷ್ಟೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮಿತಿಯಿರಲಿಲ್ಲ ನಿಜ, ಆದರೆ ಸಿವಿಲ್ ದಾವೆ ಮುಗಿಯುವಷ್ಟರಲ್ಲಿ ಹೈದನಿಗೆ ಮೀಸೆ ಬಂದಿರುತ್ತಿತ್ತು. ಐನೂರರ ಮಿತಿ ತೆಗೆದದ್ದು 2001ರ ತಿದ್ದುಪಡಿ. ನಲವತ್ತಾರು ವರ್ಷ ಒಂದೇ ಅಂಕಿಯನ್ನು ಬಿಟ್ಟಿದ್ದು ಅನ್ಯಾಯವೇ ಸರಿ.

ಆಮೇಲೆ ಶುರುವಾಯಿತು 'ಹೆಚ್ಚಿಸಿ' ಅರ್ಜಿಗಳ ಕಾಲ, ಜೊತೆಗೆ ಅಪ್ಪಂದಿರ ಗೋಳು. ಬಸ್ ಡ್ರೈವರು, ಮೇಷ್ಟ್ರು ಇವರ ಸಂಬಳದ ಸರ್ಟಿಫಿಕೇಟು ಸಿಗುತ್ತದೆ. ಮಗ್ಗದ ಕೂಲಿಯವನಿಗೂ ಕರಿಕಲ್ಲು ಕ್ವಾರಿಯವನಿಗೂ ಎಲ್ಲಿಂದ ತರುವುದು? ಆತ 'ಏನೂ ಇಲ್ಲ' ಅನ್ನುವುದು, ಆಕೆ 'ಕೈತುಂಬ ದುಡಿತಾನೆ' ಅನ್ನುವುದು, ಜಡ್ಜು ನಡುವೆ ಒಂದು ಅಂದಾಜು ಹಾಕುವುದು.

ನಾನು ಕಂಡವರಲ್ಲಿ ಗೆದ್ದವನು ಒಬ್ಬ ನೇಕಾರ. ಗೆದ್ದ ಅಂದರೆ ಕಡಿಮೆ ಕೊಟ್ಟ ಅಂತಲ್ಲ. ಹೆಂಡತಿ ಹೆಚ್ಚು ಕೇಳಿದಾಗ ಹಳದಿ ಬಣ್ಣಕ್ಕೆ ತಿರುಗಿದ ಮನಿಯಾರ್ಡರ್ ರಸೀದಿಗಳನ್ನು ದಾರದಲ್ಲಿ ಪೋಣಿಸಿ ತಂದಿದ್ದ. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಆ ತಿಂಗಳು ಸಿಕ್ಕ ಕೂಲಿ. ಆಕೆಯ ವಕೀಲರು ಅದನ್ನು ನೋಡಿ, ಸ್ಕೂಲು ಫೀಸು ಬೇರೆ, ತಿಂಗಳ ಖರ್ಚು ಬೇರೆ ಅಂತ ಅಲ್ಲೇ ರಾಜಿ ಮಾಡಿಸಿದರು. ರಸೀದಿ ಇಲ್ಲದೆ, ಮಾದಪ್ಪನ ಜಾತ್ರೆಯಲ್ಲಿ ಮಗನ ಕೈಗೆ ಸಾವಿರ ಇಟ್ಟೆ ಅನ್ನುವವರು ಬೇಕಾದಷ್ಟು ಜನ. ಕೊಟ್ಟದ್ದು ಸತ್ಯವೇ ಇರಬಹುದು, ಕೋರ್ಟು ಅದನ್ನು ಹೇಗೆ ನಂಬಬೇಕು?

2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ಟು ಹಾಕಲೇಬೇಕು ಅಂದಿತು. ಆ ನೇಕಾರ ತಾನಾಗಿಯೇ ಮಾಡಿದ್ದು ಈಗ ಎಲ್ಲರಿಗೂ ಕಡ್ಡಾಯ.

2024ರ ಜುಲೈ 1ರಿಂದ 127ನೇ ಕಲಮು, ಕ್ರಿಮಿನಲ್ ಪ್ರೊಸೀಜರ್ ಕೋಡಿನ ಜಾಗಕ್ಕೆ ಬಂದ ಹೊಸ ಸಂಹಿತೆಯ 146 ಆಗಿದೆ. ಹೆಚ್ಚು ಕೇಳುವವರಿಗೂ, ಕೆಲಸ ಹೋಯಿತು, ಕಡಿಮೆ ಮಾಡಿ ಅನ್ನುವವರಿಗೂ ಅದೇ ದಾರಿ. ಅಪ್ಪಂದಿರೇ, ಸಿಟ್ಟಿಗೆ ದುಡ್ಡು ನಿಲ್ಲಿಸಬೇಡಿ; ಬಾಕಿಗೆ ವಾರಂಟು ಬರುತ್ತದೆ, ಜೈಲೂ ಉಂಟು. ಬ್ಯಾಂಕಿನಲ್ಲೇ ಕಟ್ಟಿ, ಅರ್ಜಿಗೆ ಲೆಕ್ಕದ ಸಮೇತ ಉತ್ತರ ಕೊಡಿ. ವಕೀಲರಿಗೆ ಕೊಡಲು ಕಾಸಿಲ್ಲದ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.