ಕ್ರೀಡಾಪಟುಗಳ ತಾರತಮ್ಯ ವಿಚಾರ

ಒಂದು ಕಾಲೇಜಿನ ಕ್ರೀಡಾಚರಿತ್ರೆಯಲ್ಲಿ ಅಗ್ರಗಣ್ಯರು ಯಾರೆಂಬ ಪ್ರಶ್ನೆಯು ಮೇಲ್ನೋಟಕ್ಕೆ ವಿನೋದದ ಮಾತಾಗಿ ತೋರಬಹುದು. ಆದರೆ ಯಾವುದನ್ನು ಪ್ರಮಾಣವಾಗಿ ಗ್ರಹಿಸಬೇಕೆಂಬ ಚರಿತ್ರಕಾರನ ಮೂಲಸಮಸ್ಯೆಯೇ ಅದರಲ್ಲಿ ಅಡಗಿದೆ. ಕಪಿಲಾತೀರದ ಎರಡು ತಾಲ್ಲೂಕುಗಳಿಗೆ ಸಂಬಂಧಪಟ್ಟ ನಿದರ್ಶನಗಳಿಂದ ಇದನ್ನು ಪರಿಶೀಲಿಸಬಹುದು.

ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠವು 1963ರಲ್ಲಿ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಅಲ್ಲಿ ವ್ಯಾಸಂಗ ಮಾಡಿದ ಜಾವಗಲ್ ಶ್ರೀನಾಥರು 67 ಟೆಸ್ಟ್ ಪಂದ್ಯಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ಟುಗಳನ್ನು ಪಡೆದರು. ಆ ಕಾಲೇಜಿನ ಮಟ್ಟಿಗೆ ಅಗ್ರಸ್ಥಾನವು ಅವರದೆನ್ನಲು ಈ ಅಂಕಗಳೇ ಸಾಕೆಂದು ವಾದಿಸಬಹುದು. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಅವರು 132 ರನ್ನುಗಳಿಗೆ 13 ವಿಕೆಟ್ ಪಡೆದಾಗ್ಯೂ ಭಾರತವು ಸೋತಿತು. ಸೋಲಿನ ನಡುವೆಯೂ ಆ ಸಾಧನೆಯು ಮರೆಯಾಗದೆ ಉಳಿದುದಕ್ಕೆ ಕಾರಣವು ಸ್ಪಷ್ಟವಾಗಿದೆ: ಕ್ರಿಕೆಟ್ಟಿನಲ್ಲಿ ಪ್ರತಿಯೊಂದು ಎಸೆತವೂ ಎಸೆದವನ ಹೆಸರಿನಲ್ಲಿಯೇ ಲಿಖಿತವಾಗುತ್ತದೆ.

ಕಾಲೇಜಿನ ಎಲ್ಲೆಯನ್ನು ದಾಟಿ ಬೇರೊಂದು ಆಟಕ್ಕೆ ಬಂದರೆ ಪ್ರಮಾಣದ ಸ್ವರೂಪವೇ ಬದಲಾಗುತ್ತದೆ. ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ ಕುರುಬೂರೆಂಬ ಗ್ರಾಮವಿದೆ. ಅಲ್ಲಿಯ ಬಿ. ಚೈತ್ರಾ ಅವರು 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊತ್ತಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳಾ ತಂಡದಲ್ಲಿದ್ದರು. ಅಂತಿಮ ಪಂದ್ಯದಲ್ಲಿ ಭಾರತವು ನೇಪಾಳವನ್ನು 78-40ರಿಂದ ಸೋಲಿಸಿತು. ಚೈತ್ರಾ ಅವರು ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದರು. ಕೊನೆಯ ಸರದಿಯಲ್ಲಿ ಅವರಿದ್ದ ಬ್ಯಾಚು 5 ನಿಮಿಷ 14 ಸೆಕೆಂಡುಗಳವರೆಗೆ ಪೂರ್ತಿಯಾಗಿ ಔಟಾಗದೆ ನಿಂತಿತು. ಆದರೆ ಈ ಅವಧಿಯು ಮೂವರಿಗೂ ಸೇರಿದುದು. ಬೆನ್ನಟ್ಟುವವಳನ್ನು ತನ್ನ ಕಡೆಗೆ ಸೆಳೆದು ಜೊತೆಗಾರ್ತಿಗೆ ಉಸಿರಾಡಲು ಬಿಡುವು ಮಾಡಿಕೊಟ್ಟವಳ ಪಾಲೆಷ್ಟೆಂಬುದು ಅಂಕಪಟ್ಟಿಯಲ್ಲಿ ಕಾಣಿಸದು.

ಇಂತಹ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಾಧುವೇ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದೆ. ಅಲ್ಲಿಯೂ ತಾರತಮ್ಯವುಂಟು, ಆದರೆ ಅದು ಒಂದೇ ವಿದ್ಯೆಯ ಒಳಗಿನದು. ಮಲ್ಲನನ್ನು ಮಲ್ಲನೊಡನೆಯೇ ಹೋಲಿಸಿದೆ.

ಆದುದರಿಂದ ಶ್ರೇಷ್ಠರ ನಿರ್ಣಯಕ್ಕೆ ಮೊದಲು ದಾಖಲೆಯ ಸ್ವರೂಪವನ್ನು ಶೋಧಿಸುವುದು ಅವಶ್ಯಕ. ಹಾಗಲ್ಲದಿದ್ದರೆ ಬರವಣಿಗೆಯುಳ್ಳ ಆಟದವರು ಮಾತ್ರ ಹಿರಿಯರಾಗಿ, ಇತರರು ಒಂದು ತಲೆಮಾರಿನೊಳಗೆ ಹೆಸರಿಲ್ಲದವರಾಗುವರು. ಖೋ ಖೋ, ಕಬಡ್ಡಿ, ಕುಸ್ತಿಗಳಲ್ಲಿ ಯಾರು ಎಷ್ಟು ಹೊತ್ತು ನಿಂತರು, ಯಾರನ್ನು ಗೆದ್ದರು ಎಂಬುದನ್ನು ಕಾಲೇಜುಗಳು ಹೆಸರು ಹಿಡಿದು ಬರೆದಿಡುವವರೆಗೂ ಅಗ್ರಗಣ್ಯರ ಪಟ್ಟಿಯು ಅಪೂರ್ಣವೆಂದೇ ಭಾವಿಸಬೇಕಾಗುತ್ತದೆ.